ಡಾಟ್ ಕಬಡ್ಡಿ

ಕಬಡ್ಡಿ ತಂಡ ಕಟ್ಟಲಿಕ್ಕೆ ಏಳು ಜನ ಸಾಕು. ಅದಕ್ಕೆ ಹೆಸರಿಡಲಿಕ್ಕೆ ಇಡೀ ಊರು ಬೇಕು. ನಮ್ಮ ದಕ್ಷಿಣ ಕನ್ನಡದ ಯುವಕ ಮಂಡಲಗಳ ಫ್ಲೆಕ್ಸುಗಳನ್ನೊಮ್ಮೆ ಓದಿ ನೋಡಿ. ಹೆಸರು ‘ಶ್ರೀ’ಯಿಂದ ಹೊರಟು, ಊರ ದೇವರನ್ನು ಕಂಡು, ‘ಫ್ರೆಂಡ್ಸ್’ ಎಂಬಲ್ಲಿ ತುಸು ದಣಿವಾರಿಸಿಕೊಂಡು, ‘ಕ್ರೀಡೆ ಮತ್ತು ಸಾಂಸ್ಕೃತಿಕ ಸಂಘ’ವನ್ನೂ ದಾಟಿ, ಕೊನೆಗೆ ಕಂಸದೊಳಗೊಂದು ‘ರಿ’ ಹಾಕಿಸಿಕೊಂಡ ಮೇಲೆಯೇ ನಿಲ್ಲುವುದು. ನೋಂದಣಿಯ ಆ ‘ರಿ’ ಇಲ್ಲದ ಸಂಘಕ್ಕೆ ವಂತಿಗೆ ಕೊಡಲೂ ಜನ ಹಿಂದೆಮುಂದೆ ನೋಡುತ್ತಾರೆ.

ಅಂಥದೊಂದು ಹೆಸರನ್ನು ಇಂಟರ್ನೆಟ್ಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತ ಮೇಷ್ಟ್ರ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅವರಿಗೆ ಬೇರೆ ಕೆಲಸವಿಲ್ಲ ಎಂಬುದು ಊರಿನ ಸರ್ವಾನುಮತದ ತೀರ್ಮಾನ. “ಮಾಷ್ಟ್ರೇ, ಹೊನಲು ಬೆಳಕಿನ ಪಂದ್ಯಾಟದ ಮೊದಲು ನಮಗೊಂದು ವೆಬ್‌ಸೈಟ್ ಆಗ್ಬೇಕು” ಎಂದು ಕಾರ್ಯದರ್ಶಿ ಜಗಲಿಯಲ್ಲಿ ಕೂತೇ ಬಿಟ್ಟ. ಹಿಂದೆಯೇ ಅಧ್ಯಕ್ಷರು ಬಂದರು.

ಡೊಮೇನ್ ಹೆಸರಿನಲ್ಲಿ ಚುಕ್ಕೆಯ ಹಿಂದಿನ ಭಾಗಕ್ಕೆ 63 ಅಕ್ಷರಗಳವರೆಗೆ ಅವಕಾಶವಿದೆ ಎಂದೆ. ಅಧ್ಯಕ್ಷರ ಮುಖ ಅರಳಿತು. ಸಂಘದ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ಹಿಡಿಯುತ್ತಿತ್ತು! ಆದರೆ ಅಕ್ಷರ, ಅಂಕಿ, ಅಡ್ಡಗೀಟು ಬಿಟ್ಟರೆ ಬೇರೇನೂ ಸಲ್ಲದು, ಕಂಸ ಹಾಕುವಂತಿಲ್ಲ ಎಂದಾಗ ಅವರು ಗಂಭೀರರಾದರು. “ಹಾಗಾದ್ರೆ ‘ರಿ’ ಎಲ್ಲಿ ಹಾಕುವುದು?”

ಊರಿನ ಹೆಸರಿಗೆ ಕಬಡ್ಡಿ ಸೇರಿಸಿದರೆ ಸಾಕು, ಜನರಿಗೆ ನೆನಪೂ ಉಳಿಯುತ್ತದೆ ಎಂದು ಒಪ್ಪಿಸುವಷ್ಟರಲ್ಲಿ ಚಹಾ ಎರಡನೇ ಸಲ ಬಂದಿತ್ತು. ಆಮೇಲೆ ಇಂಗ್ಲಿಷ್ ಕಾಗುಣಿತದ ಜಗಳ. ಒಂದು ‘ಬಿ’ಯೋ ಎರಡೋ? ‘ಡಿ’ಯ ಮುಂದೆ ‘ಎಚ್’ ಬೇಡವೇ? 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗಿನವರು ಒಂದು ‘ಬಿ’, ಎರಡು ‘ಡಿ’ ಬರೆಯುತ್ತಾರೆ ಎಂದು ತೋರಿಸಿದ ಮೇಲೆ ಶಾಂತಿ ನೆಲೆಸಿತು. ಟಿವಿಯಲ್ಲಿ ಬಂದದ್ದಕ್ಕೆ ಎದುರು ಮಾತಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ಮೊಬೈಲಿನಲ್ಲಿ ಏನೋ ಕಂಡುಹಿಡಿದಿದ್ದ. “ಅದೆಂತ ಮಾಷ್ಟ್ರೇ, ಡಾಟ್ ಕ್ರಿಕೆಟ್ ಉಂಟು, ಡಾಟ್ ಟೆನಿಸ್ ಉಂಟು, ಡಾಟ್ ಕಬಡ್ಡಿ ಇಲ್ವಾ?” ಇಲ್ಲ ಮಾರಾಯ. ಡಾಟ್ ರಗ್ಬಿ ಇದೆ, ಹಿಮದ ಮೇಲೆ ಜಾರುವವರಿಗೆ ಡಾಟ್ ಸ್ಕೀ ಇದೆ, ಕುದುರೆಗೂ ಡಾಟ್ ಹಾರ್ಸ್ ಇದೆ. ಕಂಬಳದ ಕೋಣಕ್ಕೆ ಮಾತ್ರ ಇಲ್ಲ. ಇಂಥ ಹೊಸ ಬಾಲಗಳಿಗೆ, ಇಂಟರ್ನೆಟ್ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆ 2012ರಲ್ಲಿ ಅರ್ಜಿ ಕರೆದಾಗ ಶುಲ್ಕವೇ 1,85,000 ಡಾಲರ್. ಅಷ್ಟು ವಂತಿಗೆ ಎತ್ತಿದರೆ ನಾವು ಮೊದಲು ಮ್ಯಾಟ್ ತರಿಸುತ್ತೇವೆ.

ಮೊದಲ ಡಾಟ್ ಕಾಂ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಗೆ. ಹತ್ತು ವರ್ಷ ಹೆಸರು ಪುಕ್ಕಟೆಯಾಗಿಯೇ ಸಿಗುತ್ತಿತ್ತು. 1995ರಲ್ಲಿ ಶುಲ್ಕ ಬಂತು. ಪುಕ್ಕಟೆ ಸಿಗುತ್ತಿದ್ದ ಕಾಲಕ್ಕೆ ನಮ್ಮವರು ಗದ್ದೆಯಲ್ಲಿ ಮಣ್ಣು ಮೆತ್ತಿಕೊಂಡು ಆಡುತ್ತಿದ್ದರು. ಈಗ ಕೇಳಿದರೆ ಡಾಟ್ ಕಾಂನಲ್ಲಿ ನಮ್ಮ ಊರಿನ ಹೆಸರನ್ನೂ ಯಾರೋ ಹಿಡಿದಿಟ್ಟಿದ್ದಾರೆ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಸಿಗುತ್ತದೆ ಎಂದೆ. “ಅದು ಚಂದ ಉಂಟು, ಆದ್ರೆ ಮುಂಬಯಿಯ ನಮ್ಮ ಮಕ್ಕಳಿಗೆ ಟೈಪ್ ಮಾಡ್ಲಿಕ್ಕೆ ಬರ್ಬೇಕಲ್ಲ” ಎಂದರು ಅಧ್ಯಕ್ಷರು. ಕೊನೆಗೆ ಡಾಟ್ ಇನ್ ಎಂದಾಯಿತು.

ಹೆಸರು ಹಿಡಿದಿಡುವ ಆಸೆ ನಮ್ಮ ಕಾರ್ಯದರ್ಶಿಗೂ ಬಂತು. 2024ರಲ್ಲಿ ಪತ್ರಿಕೆಗಳಲ್ಲಿ ಬಂದ ಕಥೆ ನೆನಪಿರಬಹುದು. ಐಪಿಎಲ್ ಪ್ರಸಾರ ಕೈತಪ್ಪಿದ ಹಾಟ್‌ಸ್ಟಾರ್ ಒಂದು ದಿನ ಜಿಯೋ ಜತೆ ಸೇರಬಹುದೆಂದು ಊಹಿಸಿ, ದೆಹಲಿಯ ತರುಣನೊಬ್ಬ ಎರಡೂ ಹೆಸರು ಕೂಡಿದ ಡೊಮೇನನ್ನು ಮೊದಲೇ ಕೊಂಡಿಟ್ಟು, ಕೇಂಬ್ರಿಡ್ಜಿನಲ್ಲಿ ಓದುವ ಖರ್ಚು ಕೊಟ್ಟರೆ ಬಿಟ್ಟುಕೊಡುತ್ತೇನೆಂದ. ಇದನ್ನು ಓದಿದ ಕಾರ್ಯದರ್ಶಿ ದನಿ ತಗ್ಗಿಸಿ, “ಪಕ್ಕದೂರಿನವರ ತಂಡದ ಹೆಸರನ್ನೂ ನಾವೇ ಬುಕ್ ಮಾಡಿಟ್ರೆ ಹೇಗೆ?” ಎಂದ. ದೆಹಲಿಯವನಿಗೆ ಕೇಂಬ್ರಿಡ್ಜ್ ಫೀಸು ಸಿಗಲಿಲ್ಲ, ನಿನಗೆ ಸೆಮಿಫೈನಲಿನಲ್ಲಿ ಸರಿಯಾಗಿ ಸಿಗುತ್ತದೆ ಎಂದೆ.

ದುಡ್ಡು ಕಟ್ಟಿದ ಕೂಡಲೇ ಹೆಸರು ನಮ್ಮದಾಯಿತು ಎಂದು ಎಲ್ಲರೂ ಕೈಕುಲುಕಿಕೊಂಡರು. ಆಗಲಿಲ್ಲ. ಡೊಮೇನ್ ಎಂಬುದು ಹಳೆಯ ಚಾಲಗೇಣಿ, ಮೂಲಗೇಣಿಯಲ್ಲ. ವರ್ಷವರ್ಷ ಗೇಣಿ ಕೊಟ್ಟರೆ ಉಂಟು, ತಪ್ಪಿದರೆ ಒಕ್ಕಲೆದ್ದು ನಡೆಯಬೇಕು. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಿಡಬಹುದು. ಗದ್ದೆಗಾದರೆ 1974ರ ಭೂಸುಧಾರಣೆ ಬಂದು ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಇಲ್ಲಿ ಎಷ್ಟು ವರ್ಷ ಉತ್ತರೂ ಒಡೆತನ ಕೋರಿ ಡಿಕ್ಲರೇಷನ್ ಕೊಡುವ ದಾರಿಯಿಲ್ಲ. ಮೊದಲ ವರ್ಷದ ರಿಯಾಯಿತಿ ದರ ದೊಡ್ಡಕ್ಷರದಲ್ಲಿರುತ್ತದೆ, ನವೀಕರಣದ ದರ ಸಣ್ಣಕ್ಷರದಲ್ಲಿ.

ನಿಜವಾದ ಅಪಾಯ ದರದಲ್ಲೂ ಇಲ್ಲ. ಉತ್ಸಾಹದಲ್ಲಿ ಯಾವನೋ ಹುಡುಗ ತನ್ನ ಇಮೇಲಿನಿಂದ, ತನ್ನ ಮೊಬೈಲ್ ನಂಬರಿಗೆ ನೋಂದಣಿ ಮಾಡಿಸುತ್ತಾನೆ. ಮುಂದಿನ ವರ್ಷ ಅವನು ಕುವೈತಿನಲ್ಲಿರುತ್ತಾನೆ. ನವೀಕರಣದ ಓಟಿಪಿ ಊರಿನ ಹಳೆಯ ಸಿಮ್ಮಿಗೆ ಬರುತ್ತದೆ. ಸಿಮ್ಮು ಎಲ್ಲಿದೆಯೋ ದೈವಕ್ಕೇ ಗೊತ್ತು. ಹೀಗೆ ಕೈಬಿಟ್ಟ ಹೆಸರನ್ನು ಇನ್ಯಾರೋ ಹಿಡಿದು, ಸಂಘದ ಹಳೆಯ ವಿಳಾಸದಲ್ಲೇ ಜೂಜಿನ ಜಾಹೀರಾತು ತೂಗುಹಾಕುವುದೂ ಉಂಟು.

ಆದ್ದರಿಂದ ಕ್ರೀಡಾಸಂಘಗಳ ಬಂಧುಗಳಲ್ಲಿ ವಿನಂತಿ: ಹೆಸರು ಚಿಕ್ಕದಿರಲಿ, ನೋಂದಣಿ ಸಂಘದ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ವಾರ್ಷಿಕ ಮಹಾಸಭೆಯ ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಟ್ರೋಫಿಗಳ ಕೆಳಗೆ ‘ಡೊಮೇನ್ ನವೀಕರಣ’ ಎಂದು ಒಂದು ಸಾಲು ಈ ವರ್ಷದಿಂದಲೇ ಸೇರಿಸಿ.