ವಡ್ಡಿನ ಕಿವಿಗೆ ಯಾವ ವಲಯ?

ಗದ್ದಲದ ವಿಷಯದಲ್ಲಿ ಜನ ಮಾಡುವ ಮೊದಲ ತಪ್ಪು ಸ್ವಂತ ಕಿವಿಯನ್ನು ನಂಬುವುದು. 2000ದ ಶಬ್ದ ಮಾಲಿನ್ಯ ನಿಯಮಗಳು ನಂಬುವುದು ಡೆಸಿಬಲ್ಲನ್ನು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು.

ಹೀಗಾಗಿ ಸಂಡೂರು ತಾಲ್ಲೂಕಿನ ವಡ್ಡು ಎಂಬ ಊರಿನವರು ನಿದ್ದೆಗೆಡುವ ಮುನ್ನ ತಾವು ಯಾವ ವಲಯದವರೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಪಕ್ಕದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಮಂಚ ನೋಡಿದರೆ ವಸತಿ, ಕಿಟಕಿ ತೆರೆದರೆ ಕೈಗಾರಿಕೆ. ಎರಡರ ನಡುವೆ ರಾತ್ರಿಯ ಅಂತರ ಬರೀ 25 ಡೆಸಿಬಲ್. ಆದರೆ ಡೆಸಿಬಲ್ ಚಕ್ರಬಡ್ಡಿಯ ಜಾತಿಯದು: ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತೈದು ಏರಿದರೆ ಮುನ್ನೂರು ಪಟ್ಟಿಗೂ ಮೇಲು. ಕಿಟಕಿ ಮುಚ್ಚಿ ವಸತಿಯವರಾಗುವುದು ಅಗ್ಗದ ದಾರಿ.

ಇನ್ನು ದೂರು. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ದೂರು ಕೊಡಬಹುದು. ಅಂದರೆ ವಸತಿ ಪ್ರದೇಶದಲ್ಲಿ ಹಗಲು 64ರವರೆಗೆ ಸಹನೆ, 65ರಿಂದ ಹಕ್ಕು. ಮೀಟರ್ ಇಲ್ಲದ ಮನೆಯವರು ಅಜ್ಜಿಯ ಮುಖ ನೋಡಿ ಅಂದಾಜು ಮಾಡಬಹುದು. ರಾತ್ರಿಯ ನಿರ್ಬಂಧ ಮೀರಿದರೆ ಮಾತ್ರ ಈ ಲೆಕ್ಕ ಬೇಡ. ಹತ್ತರ ಮೇಲೆ ಬಯಲಲ್ಲಿ ಮೈಕ್ ಕೂಗಿದರೆ ಸಾಕು. ದೂರಿಗೂ ಮೊದಲು ಒಂದು ಮಾತು: ಹಬ್ಬದ ನೆಪಕ್ಕೆ ವರ್ಷದಲ್ಲಿ 15 ದಿನ ಹನ್ನೆರಡರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶವಿದೆ. ಡಿಜೆಯವರ ಪಂಚಾಂಗದಲ್ಲಿ ಆ ಹದಿನೈದು ದಿನ ಯಾವಾಗ ಮುಗಿಯುತ್ತವೆಂದು ನನ್ನ ಸಂಶೋಧನೆಗೆ ಇನ್ನೂ ಸಿಕ್ಕಿಲ್ಲ.

ಕ್ರಮ ಕೈಗೊಳ್ಳಬೇಕಾದವರು ಜಿಲ್ಲಾಧಿಕಾರಿ, ಇಲ್ಲವೇ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ತುರ್ತಿಗೆ 112. ಯಾವ ಜಿಲ್ಲೆ ಎಂಬುದು ಮುಖ್ಯ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಆ ಕಡೆ ಹೋದವು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯ ಹೊಳೆ ದಾಟಿದರೆ ಕೊಪ್ಪಳ. ಡೊಳ್ಳು ಒಂದು ಜಿಲ್ಲೆಯಲ್ಲಿ, ತಲೆನೋವು ಇನ್ನೊಂದರಲ್ಲಿ. ಗಾಳಿಗೆ ಗೆಜೆಟ್ ಪ್ರತಿ ತಲುಪಿಲ್ಲವೆಂದು ಕಾಣುತ್ತದೆ.

ನಿಯಂತ್ರಣವೇ ಇಲ್ಲ ಎನ್ನುವವರು ಹಂಪಿಯ ವಿಜಯ ವಿಠ್ಠಲನ ಗುಡಿ ನೋಡಿ ಬರಲಿ. ಬಡಿದರೆ ನಾದ ಕೊಡುವ ಕಲ್ಲುಕಂಬಗಳಿವೆ, ಬಡಿಯುವಂತಿಲ್ಲ. ಐನೂರು ವರ್ಷಗಳಿಂದ ಯಾರ ನಿದ್ದೆಯನ್ನೂ ಕೆಡಿಸದ ಆ ಕಂಬಗಳೇ ಈ ಸೀಮೆಯಲ್ಲಿ ಸಂಪೂರ್ಣ ಹತೋಟಿಗೆ ಬಂದ ಶಬ್ದಮೂಲ.

ದೂರು ಕೊಡುವ ಕಲೆಯ ಬಗ್ಗೆ ಕೊನೆಯ ಸಲಹೆ. ಮೆರವಣಿಗೆ ಮನೆ ಮುಂದೆ ಬಂದಾಗ ಫೋನ್ ಮಾಡಬೇಡಿ. ಆ ಕಡೆಯವರು "ಏನೂ ಕೇಳವಲ್ದು, ಜೋರಾಗಿ ಹೇಳ್ರಿ" ಅಂತಾರೆ. ನೀವು ಜೋರಾಗಿ ಹೇಳುತ್ತೀರಿ. ಇನ್ನೂ ಜೋರಾಗಿ ಹೇಳುತ್ತೀರಿ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಯಣ್ಣಾ, ಸ್ವಲ್ಪ ಮೆಲ್ಲಕ ಮಾತಾಡ್ರಿ, ಕೂಸು ಮಲಗೈತಿ" ಅಂತಾಳೆ.