ಪೈಥಾನಿನ ಬಾಯಲ್ಲಿ ಸಿ ಮಾತು

ನಮ್ಮ ತಲೆಮಾರಿನ ಎಂಜಿನಿಯರುಗಳಿಗೆ ಪ್ರೋಗ್ರಾಮಿಂಗ್ ಎಂದರೆ ಸಿ, ಸಿ ಎಂದರೆ ಕಾಲೇಜು ಲ್ಯಾಬಿನ ಟರ್ಬೊ ಸಿ ನೀಲಿ ಪರದೆ. ಅಲ್ಲಿ ಹತ್ತರವರೆಗೆ ಎಣಿಸಬೇಕಾದರೂ ಮೊದಲು 'ಐ'ಯನ್ನು ಕರೆತರಬೇಕು, ಸೊನ್ನೆಯ ಮೇಲೆ ಕೂರಿಸಬೇಕು, ಎಲ್ಲಿ ನಿಲ್ಲಬೇಕೆಂದು ಹೇಳಬೇಕು, ಸುತ್ತು ಸುತ್ತಿಗೂ ಪ್ಲಸ್ ಪ್ಲಸ್ ಕೊಟ್ಟು ಮುಂದಕ್ಕೆ ತಳ್ಳಬೇಕು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಐ ಸುಮ್ಮನೆ ಬಿಟ್ಟುಹೋದೀತೇ? ಪೈಥಾನ್ ಕಲಿಯಲು ಕೂತರೂ ಬೆನ್ನಿಗೇ ಬರುತ್ತದೆ. ಪಟ್ಟಿಯ ಉದ್ದ ಕೇಳಿ, ಅಷ್ಟು ಸಂಖ್ಯೆಗಳನ್ನು 'ರೇಂಜ್'ನಿಂದ ತರಿಸಿ, ಒಂದೊಂದೇ ಸಂಖ್ಯೆ ತೋರಿಸಿ ಪಟ್ಟಿಯೊಳಗಿನ ಹೆಸರನ್ನು ಹೊರಗೆಳೆಯುತ್ತೇವೆ. ಪೈಥಾನಿನಲ್ಲಿ 'ಫಾರ್ ಹೆಸರು ಇನ್ ಪಟ್ಟಿ' ಎಂದರೆ ಮುಗಿಯಿತು, ಹೆಸರುಗಳು ತಾವೇ ಸಾಲಾಗಿ ಬರುತ್ತವೆ. (2008ರಲ್ಲಿ ಪೈಥಾನ್ 3 ಬಂದ ಮೇಲೆ 'ಹೆಸರು', 'ಪಟ್ಟಿ' ಎಂದು ಕನ್ನಡ ಲಿಪಿಯಲ್ಲೇ ಬರೆದರೂ ಅದು ಒಪ್ಪುತ್ತದೆ. ಆಫೀಸಿನವರು ಒಪ್ಪುವುದಿಲ್ಲ, ಅದು ಬೇರೆ ಮಾತು.) ಕ್ರಮಸಂಖ್ಯೆಯೂ ಬೇಕೆಂದರೆ 'ಎನ್ಯೂಮರೇಟ್' ಇದೆ, ಎರಡು ಪಟ್ಟಿಗಳನ್ನು ಜೋಡಿಯಾಗಿ ನಡೆಸಲು 'ಜಿಪ್' ಇದೆ.

ಕಲಿಯುವವರನ್ನು ಬೈದು ಪ್ರಯೋಜನವಿಲ್ಲ. ಎಷ್ಟೋ ಕಡೆ ಪಾಠ ಶುರುವಾಗುವುದೇ ಸಿ ಲೂಪಿಗೆ ಪೈಥಾನಿನ ಅಂಗಿ ತೊಡಿಸಿ. ಪೈಥಾನಿನ ಸ್ವಂತ ನಡೆಯನ್ನು 'ಅಡ್ವಾನ್ಸ್ಡ್' ಎಂದು ಕೊನೆಯ ಅಧ್ಯಾಯಕ್ಕೆ ಎತ್ತಿಟ್ಟಿರುತ್ತಾರೆ, ಊಟವಾದ ಮೇಲೆ ಎಲೆ ಹಾಕಿದಂತೆ. ಅಷ್ಟರಲ್ಲಿ ಸೆಮಿಸ್ಟರೇ ಮುಗಿದಿರುತ್ತದೆ.

ಹಾಗೆಂದು ಪಂಡಿತರ ಕೈಗೆ ಸಿಕ್ಕರೂ ಕಷ್ಟವೇ. ಭಾಷೆಯ ಜಾಯಮಾನಕ್ಕೆ ಹೊಂದುವ ಬರವಣಿಗೆಗೆ ಅವರು 'ಪೈಥಾನಿಕ್' ಎಂದು ಸರ್ಟಿಫಿಕೇಟ್ ಕೊಡುತ್ತಾರೆ. ಕೆಲವರಂತೂ ಎರಡು ಲೂಪು, ಒಂದು ಇಫ್ ಎಲ್ಲವನ್ನೂ ಒಂದೇ ಸಾಲಿನ ಬ್ರಾಕೆಟ್ಟಿಗೆ ತುರುಕಿ ಮೀಸೆ ತಿರುವುತ್ತಾರೆ. ಪೈಥಾನನ್ನು ಸೃಷ್ಟಿಸಿದ ಗೀಡೊ ವಾನ್ ರಾಸಮ್ ತಮ್ಮ ಭಾಷೆಗೆ ಈ ಹೆಸರಿಟ್ಟದ್ದು ಹಾವನ್ನು ಕಂಡಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಮೇಲಿನ ಪ್ರೀತಿಗೆ. ಶಿಷ್ಯರಲ್ಲಿ ಹಲವರು ಆ ನಗುವನ್ನು ಮಾತ್ರ ಕಲಿಯಲಿಲ್ಲ. 1999ರಲ್ಲಿ ಪೈಥಾನ್ ಬಳಗದ ಟಿಮ್ ಪೀಟರ್ಸ್ ಬರೆದ 19 ಸೂತ್ರಗಳು ಪೈಥಾನಿನೊಳಗೇ ಇವೆ. 'ಇಂಪೋರ್ಟ್ ದಿಸ್' ಎಂದು ಟೈಪ್ ಮಾಡಿದರೆ ಪರದೆಗೆ ಇಳಿಯುತ್ತವೆ. ಸರಳವಾಗಿರಲಿ, ಓದಿದರೆ ತಿಳಿಯುವಂತಿರಲಿ ಎಂಬ ಧಾಟಿಯ ಬೋಧನೆ. ಕುತೂಹಲಕ್ಕೆ ಅವುಗಳಿರುವ ಫೈಲನ್ನೇ ತೆರೆದು ನೋಡಿ: ಸೂತ್ರಗಳ ಅಕ್ಷರಗಳನ್ನೆಲ್ಲ ಹದಿಮೂರು ಸ್ಥಾನ ಆಚೆಗೆ ಸರಿಸಿ ಗುಟ್ಟಿನ ಲಿಪಿ ಮಾಡಿಟ್ಟಿದ್ದಾರೆ. ಅದನ್ನು ಬಿಡಿಸುವ ಸಾಲುಗಳ ನಡುವೆ ಅದೇ ಐ, ಅದೇ ರೇಂಜ್! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಪಾಠ ಹೇಳುವ ಮೇಷ್ಟ್ರು, ಮೇಡಮ್ಮುಗಳಲ್ಲಿ ಒಂದು ಕೋರಿಕೆ. ಮೊದಲ ತರಗತಿಯಲ್ಲೇ ಮಕ್ಕಳ ಕೈಗೆ ಪಟ್ಟಿಯನ್ನೇ ಕೊಟ್ಟುಬಿಡಿ, ರೇಂಜಿನ ಪಾಠ ಮುಂದಿನ ವಾರಕ್ಕಿರಲಿ.