ಮುಸುರೆ ತಿಕ್ಕೋ ಗಂಡು ರೋಬೋಟು

“ಸೊಸಿ ಮಿಷನ್ನು ಅಂತ ಅತ್ತಿಗೆ ಗೊತ್ತಾಗದಂಗ ಇರತೈತೇನ್ರಿ ಮೇಷ್ಟ್ರೇ?”

ಬೇಲಿಯಾಚೆಯಿಂದ ಅಕ್ಕನ ಪ್ರಶ್ನೆ. ರಜಕ್ಕೆ ಬಂದ ಮೊಮ್ಮಗಳು ಫೋನಿನಲ್ಲಿ ಒಂದು ಹಿಂದಿ ಸಿನಿಮಾ ತೋರಿಸಿದ್ದಾಳೆ. 2024ರಲ್ಲಿ ಬಂದ ‘ತೇರಿ ಬಾತೋಂ ಮೇ ಐಸಾ ಉಲ್ಝಾ ಜಿಯಾ’. ಶಾಹಿದ್ ಕಪೂರ್ ಮನಸೋತ ಹುಡುಗಿ ಸಿಫ್ರಾ, ಅಂದರೆ ಕೃತಿ ಸನೋನ್, ರೋಬೋಟು. ಗೊತ್ತಾದ ಮೇಲೂ ಆಸಾಮಿ ಮನೆಯವರಿಗೆ ಸುಳಿವು ಕೊಡದೆ ಮದುವೆಗೆ ಹೊರಡುತ್ತಾನೆ.

ಇದೇನು ಹೊಸದಲ್ಲ ಅಕ್ಕಾ, 2016ರಲ್ಲೇ ‘ಬಹು ಹಮಾರಿ ರಜನಿಕಾಂತ್’ ಅಂತ ಧಾರಾವಾಹಿ ಬಂದಿತ್ತು, ಅದರಲ್ಲೂ ಸೊಸೆ ರೋಬೋಟೇ, ಎಂದೆ.

“ಎದುರು ಮಾತಾಡಂಗಿಲ್ಲ, ತವರುಮನಿಗೆ ಹೋಗ್ತೀನಿ ಅನ್ನಂಗಿಲ್ಲ. ಅದಕ್ಕ ತವರುಮನೀನೇ ಇಲ್ಲ! ಇಂಥ ಸೊಸಿ ಬೇಕು ಅಂತ ನಮ್ಮತ್ತಿ ಆಗ್ಲೇ ಹೇಳ್ತಿದ್ರು ಬಿಡ್ರಿ. ಯಾವ ಗಂಡಸಿನ ತಲಿಯಾಗ ಹುಟ್ಟಿದ ಕಥಿಯೋ.”

ಅಲ್ಲೇ ಅಕ್ಕನನ್ನು ಹಿಡಿದೆ. ಸಿಫ್ರಾಳನ್ನು ತಯಾರು ಮಾಡುವ ವಿಜ್ಞಾನಿ ಹೆಂಗಸು, ಡಿಂಪಲ್ ಕಪಾಡಿಯಾ. ಸಿನಿಮಾ ನಿರ್ದೇಶಿಸಿದ ಇಬ್ಬರಲ್ಲೂ ಒಬ್ಬಾಕೆ ಹೆಂಗಸು, ಆರಾಧನಾ ಸಾಹ್. ಅಕ್ಕ ಕ್ಷಣ ತಡೆದು, “ಹಂಗಾರ ಕೂಡೇ ಮಾಡ್ಯಾರ ಬಿಡ್ರಿ,” ಎಂದರು.

ನಮ್ಮ ಕನ್ನಡದವರು ಈ ವಿಷಯದಲ್ಲಿ ಯಾರಿಗೂ ಹಿಂದೆ ಬಿದ್ದಿಲ್ಲ. 2002ರಲ್ಲೇ ‘ಹಾಲಿವುಡ್’ ಬಂತು. ಕಥೆ ಉಪೇಂದ್ರ, ನಿರ್ದೇಶನ ದಿನೇಶ್ ಬಾಬು, ನಿರ್ಮಾಪಕ ರಾಮು. ಉಪೇಂದ್ರನಿಗೆ ಮೂರು ಪಾತ್ರ, ಅದರಲ್ಲೊಂದು ಯುಎಸ್ 47 ಎಂಬ ಯಂತ್ರಮಾನವ. ಹುಡುಗಿಯ ಮನಸ್ಸು ಗೆಲ್ಲಲೆಂದು ಮಾಡಿದ ಯಂತ್ರ ತಾನೇ ಆ ಹುಡುಗಿಯ ಮೇಲೆ ಕಣ್ಣು ಹಾಕುತ್ತದೆ. ಎಂಟು ವರ್ಷದ ಮೇಲೆ ಶಂಕರ್ ‘ಎಂದಿರನ್’ ತೆಗೆದಾಗ ರಜನಿಕಾಂತನ ಚಿಟ್ಟಿ ಮಾಡಿದ್ದೂ ಅದನ್ನೇ.

ಒಂದು ಗಮನಿಸಿ. ಗಂಡು ರೋಬೋಟಿಗೆ ಅದನ್ನು ಮಾಡಿದವನದೇ ಮುಖ. ಅದಕ್ಕೆ ಆಸೆ ಹುಟ್ಟುತ್ತದೆ, ಸಿಟ್ಟು ಬರುತ್ತದೆ, ಒಡೆಯನಿಗೇ ತಿರುಗಿ ಬೀಳುತ್ತದೆ. ಹೆಣ್ಣು ರೋಬೋಟಿಗೆ ಸಿಗುವುದು ಮಾಡಿದವರಿಗೋ ಮದುವೆಯಾಗುವವನಿಗೋ ಬೇಕಾದ ಮುಖ. ಸಿನಿಮಾದಲ್ಲಿ ಈ ಪದ್ಧತಿ ಹೆಚ್ಚುಕಮ್ಮಿ ನೂರು ವರ್ಷದ್ದು. 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನಲ್ಲಿ ಕಾರ್ಮಿಕರು ನಂಬಿದ ಮರಿಯಾ ಎಂಬ ಒಳ್ಳೆಯ ಹುಡುಗಿಯ ರೂಪವನ್ನು ಯಂತ್ರಕ್ಕೆ ತೊಡಿಸಿ, ಅದರ ಕೈಲಿ ಅದೇ ಕಾರ್ಮಿಕರ ತಲೆ ಕೆಡಿಸುತ್ತಾರೆ.

“ಕೊನಿಗೆ ಆ ಯಂತ್ರಕ್ಕ ಏನ್ಮಾಡಿದ್ರು?”

“ಕಟ್ಟಿಹಾಕಿ ಸುಟ್ಟರು.”

“ಮಾಡಿದೋನ್ನ?”

ಅವನೂ ಸಾಯುತ್ತಾನೆ, ಆದರೆ ನಾಯಕನ ಜೊತೆ ಬಡಿದಾಡಿ ಮೇಲಿಂದ ಬಿದ್ದು. ಬೆಂಕಿ ಬಿದ್ದದ್ದು ಹೆಣ್ಣು ಮುಖಕ್ಕೇ.

ಮನೆಗೆಲಸದ ಯಂತ್ರಗಳ ಮಾತು ಬಂತು. ‘ಎಕ್ಸ್ ಮಾಕಿನಾ’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಯಜಮಾನನಿಗೆ ಬಡಿಸಲು ಕ್ಯೋಕೊ ಎಂಬ ಹೆಣ್ಣು ರೋಬೋಟು ಇದೆ, ಒಂದೇ ಒಂದು ಮಾತಾಡುವುದಿಲ್ಲ. ಅದೇ ಮನೆಯ ಇನ್ನೊಂದು, ಆವಾ, ಗಾಜಿನ ಕೋಣೆಯಿಂದ ಹೊರಬಂದು ಯಜಮಾನನನ್ನು ಮುಗಿಸಿ, ತನಗೆ ಮನಸೋತವನನ್ನೂ ಒಳಗೇ ಬಿಟ್ಟು ಹೊರಟುಹೋಗುತ್ತಾಳೆ. ಅಕ್ಕನಿಗೆ ಈ ಕಥೆ ಬಹಳ ಹಿಡಿಸಿತು. ಎರಡು ಸಲ ಹೇಳಿಸಿಕೊಂಡರು.

“ಅಲ್ರಿ, ಮುಸುರಿ ತಿಕ್ಕೋ ಗಂಡು ರೋಬೋಟು ಒಂದಾದ್ರೂ ಐತಾ?”

ಇದೆ, ಮಲಯಾಳದಲ್ಲಿ. ನಮ್ಮ ಕಾಸರಗೋಡಿನಿಂದ ತುಸು ತೆಂಕಣಕ್ಕಿರುವ ಪಯ್ಯನ್ನೂರಿನ ಕಥೆ, 2019ರ ‘ಆಂಡ್ರಾಯ್ಡ್ ಕುಂಞಪ್ಪನ್’. ಮಗ ರಷ್ಯಾದಲ್ಲಿ ಕೆಲಸಕ್ಕೆ. ಊರಲ್ಲಿ ಒಬ್ಬನೇ ಇರುವ ಹಟಮಾರಿ ಮುದುಕನ ಬಳಿ ಕೆಲಸದ ಹೆಂಗಸರು ನಿಲ್ಲುವುದಿಲ್ಲ. ಕೊನೆಗೆ ಮಗ ರೋಬೋಟು ತಂದು ಬಿಡುತ್ತಾನೆ. ಅಡುಗೆ, ಆರೈಕೆ ಎಲ್ಲ ಅದರದೇ. ಮೊದಲು ಮುಖ ತಿರುಗಿಸಿದ ಮುದುಕ ಬರಬರುತ್ತ ಅದನ್ನೇ ಮಗ ಅಂದುಕೊಳ್ಳುತ್ತಾನೆ. ಯಂತ್ರದ ಚಿತ್ರಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದೊಂದನ್ನೇ. ಅಕ್ಕ ಮಾತ್ರ ಮೆಚ್ಚಲಿಲ್ಲ.

“ಅದೇ ಕೆಲಸ ಹೆಂಗಸು ಮಾಡಿದ್ರ ಕೂಲಿ. ಮಿಷನ್ನು ಮಾಡಿದ್ರ ಮಗ! ನಮ್ಮೂರಾಗ ಆಗಿದ್ದೂ ಅದೇ ಅಲ್ಲೇನ್ರಿ?”

ಅಕ್ಕ ಹೇಳಿದ್ದು ಗದ್ದೆಯ ಮಾತು. ನಮ್ಮೂರು ಕೊಕ್ಕನೂರಿನ ಸುತ್ತ ಭದ್ರಾ ನಾಲೆಯ ನೀರು, ಭತ್ತ. ನಾಟಿ ಅಂದರೆ ಹೆಂಗಸರ ಗುಂಪು, ಕೆಸರಲ್ಲಿ ಬಗ್ಗಿದ ಸೊಂಟ. ಅದಕ್ಕೂ ಮಿಷನ್ನು ಬಂತು, ಕೊಯ್ಲಿಗಂತೂ ಬಂದು ಕಾಲವಾಯಿತು. ಅದರ ಮೇಲೆ ಸೀಟು ಹಾಕಿಕೊಂಡು ಕೂತವನು ಗಂಡಸು. ಬಗ್ಗಿ ಮಾಡುವಾಗ ಹೆಂಗಸರ ಕೆಲಸ, ಕೂತು ಮಾಡುವಂತಾದ ದಿನ ಗಂಡಸಿನ ಕೆಲಸ. ಇದನ್ನು ಯಾರೂ ಸಿನಿಮಾ ಮಾಡಿಲ್ಲ.

ಮಾತು ತಿರುಗಿಸೋಣವೆಂದು ಇಸ್ರೋದ ವ್ಯೋಮಮಿತ್ರಳನ್ನು ತಂದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಜನರ ಮುಂದಿಟ್ಟ ಹೆಣ್ಣು ರೋಬೋಟು, ಗಗನಯಾನಕ್ಕೆಂದು ಮಾಡಿದ್ದು. ಮನುಷ್ಯರು ಹೋಗುವ ಮೊದಲು ಖಾಲಿ ನೌಕೆಯಲ್ಲಿ ಆಕೆಯನ್ನು ಕೂರಿಸಿ, ಎಲ್ಲ ನೆಟ್ಟಗಿದೆಯೇ ಎಂದು ನೋಡುವ ಲೆಕ್ಕ.

“ಆಮೇಲೆ ಹೋಗೋ ಮನುಷ್ಯಾರು ಯಾರು?”

2024ರ ಫೆಬ್ರವರಿಯಲ್ಲಿ ನಾಲ್ವರ ಹೆಸರು ಹೇಳಿದರು. ನಾಲ್ವರೂ ವಾಯುಪಡೆಯವರು, ನಾಲ್ವರೂ ಗಂಡಸರು.

“ಹೊಸ ಮನಿಗೆ ಮೊದ್ಲು ಆಕಳಾ ಹೊಗಿಸ್ತಾರಲ್ರಿ, ಹಂಗಾತು.”

ಪಾಪ, ವಿಜ್ಞಾನಿಗಳ ಮನಸ್ಸಿನಲ್ಲಿ ಅದಿರಲಿಕ್ಕಿಲ್ಲ ಎಂದು ನಾನು ಇಸ್ರೋದ ಪರ ವಕಾಲತ್ತಿಗೆ ನಿಂತೆ. ಆಕೆ ನೌಕೆಯ ಸ್ವಿಚ್ಚು ಒತ್ತುತ್ತಾಳೆ, ಎರಡು ಭಾಷೆ ಮಾತಾಡುತ್ತಾಳೆ, ಕಾಲು ಮಾತ್ರ ಇಲ್ಲ, ಅರ್ಧ ಮೈಯ ರೋಬೋಟು ಎಂದೆ.

“ಕಾಲು ಯಾಕಿಟ್ಟಿಲ್ಲ?”

“ಕೂತಲ್ಲೇ ಕೆಲಸ ಅಲ್ವಾ ಅಕ್ಕಾ, ನಡೆದಾಡುವ ಪ್ರಮೇಯ ಇಲ್ಲ.”

“ಅದೊಂದೇ ಅಲ್ರಿ. ಆ ಗಾಜಿನ ಕೋಣಿಯಾಕಿ ಎದ್ದು ಹೋದ್ಲಲ್ಲ, ಆ ಸಿನಿಮಾ ಇವರೂ ನೋಡಿರಬೇಕು.”